ವರ್ನಾಗೆ ಓದಲು ಬಾರದ ಎಸೆತಗಾರ

ವಿಸ್ಕಾನ್ಸಿನ್ನಿನ ಕೂಪರ್ಸ್ ಬೆಂಡ್ ಎಂಬ ಊರಿನಲ್ಲಿ ವರ್ನಾ ಸ್ಕಿಬ್ಬಾ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಳು. ಅಷ್ಟು ವರ್ಷಗಳಲ್ಲಿ ಊರಿನ ಬೇಸ್‌ಬಾಲ್ ತಂಡ ಏಪ್ರಿಲ್ ತಿಂಗಳ ವಾರದ ದಿನಗಳಲ್ಲಿ ಆಡಿದ ಒಂದು ಆಟವನ್ನೂ ಅವಳು ಮೊದಲಿನಿಂದ ನೋಡಿದವಳಲ್ಲ. ನದಿಯ ಮೇಲಿನ ಗಾಳಿಗೆ ಸಂಜೆ ಕೂರುವುದಕ್ಕೇ ಆಗದೆಂದು ಆಗ ಆಟ ಮಧ್ಯಾಹ್ನ ಒಂದಕ್ಕೆ ಶುರುವಾಗುತ್ತಿತ್ತು. ಕೊನೆಯ ಮಗುವನ್ನು ಮನೆ ಮುಂದೆ ಇಳಿಸಿ, ಬಸ್ಸನ್ನು ಶೆಡ್ಡಿಗೆ ಸೇರಿಸಿ ಅವಳು ಮೈದಾನಕ್ಕೆ ಬರುವ ಹೊತ್ತಿಗೆ ನಾಲ್ಕೂವರೆ. ಜನ ಕಂಬಳಿ ಮಡಿಸುತ್ತಿರುತ್ತಿದ್ದರು. ಯಾರು ಹೇಗೆ ಎಸೆದರು ಎಂಬುದನ್ನು ಅವಳು ಹೊರಗೆ ಹೋಗುವವರ ಬಾಯಿಂದ ಕೇಳಿ ತಿಳಿಯಬೇಕಿತ್ತು.

ಹಾಗಾಗಿ ನಿವೃತ್ತಿಯ ನಂತರದ ಮೊದಲ ವಸಂತದಲ್ಲಿ, ಅಂದರೆ ಎಂಬತ್ತಾರನೆಯ ಇಸವಿಯಲ್ಲಿ, ಅವಳು ಇಡೀ ಋತುವಿಗೆ ಟಿಕೆಟು ಕೊಂಡು ಮೊದಲ ದಿನ ಹನ್ನೆರಡಕ್ಕೇ ಹೋಗಿ ಕೂತಳು. ಕಾಲ ಮೇಲೆ ಕಂಬಳಿ, ಪಕ್ಕದಲ್ಲಿ ಥರ್ಮಾಸು, ತಲೆಗೆ ಗಂಡನ ಉಣ್ಣೆಯ ಟೋಪಿ.

ಗಂಡ ಲೆನರ್ಡನಿಗೆ ಈ ಆಟ ಹಿಡಿಸದು. ಅವನದೇನಿದ್ದರೂ ದೋಣಿ, ಗಾಳ, ನದಿ. ಹೊರಡುವಾಗ ಅವನು ಕೇಳಿದ್ದ: “ಆಟ ಶುರುವಾಗೋಕೆ ಇನ್ನೂ ಒಂದು ಗಂಟೆ ಇದೆ. ಅಲ್ಲಿವರೆಗೆ ಅಲ್ಲಿ ಏನು ನೋಡ್ತೀಯ?”

“ನೀನು ಮೂರು ಗಂಟೆ ನೀರು ನೋಡ್ತಾ ಕೂರಲ್ವಾ? ನಾನು ಒಂದು ಗಂಟೆ ಮಣ್ಣು ನೋಡ್ತೀನಿ.”

ಅವಳ ಪಕ್ಕದ ಜಾಗ ಕ್ಲೀಟಸ್ ಡಾಲ್‌ನದು. ಮಾಂಸದಂಗಡಿಯಲ್ಲಿ ನಲವತ್ತು ವರ್ಷ ಕತ್ತಿ ಹಿಡಿದವನು. ದನಿ ಎಂದರೆ ನದಿಯ ಆಚೆ ದಡಕ್ಕೆ ಕೇಳಬೇಕು. ಅವನ ನಾಲ್ಕು ಮಕ್ಕಳೂ ವರ್ನಾಳ ಬಸ್ಸಿನಲ್ಲಿ ಓಡಾಡಿದವರು. ಅವನೂ ವರ್ನಾಳೂ ಎರಡನೆಯ ದಿನವೇ ಒಂದು ಪಂದ್ಯ ಕಟ್ಟಿಕೊಂಡರು. ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತ ಎಸೆತಗಾರ ಕೈ ಎತ್ತುವ ಮೊದಲೇ, ಬರುವುದು ನೇರ ಎಸೆತವೋ ಬಾಗುವ ಎಸೆತವೋ ಹೇಳಬೇಕು. ಹತ್ತರಲ್ಲಿ ಹೆಚ್ಚು ತಪ್ಪಿದವರು ಇಪ್ಪತ್ತೆರಡು ಮೆಟ್ಟಿಲು ಇಳಿದು, ಸಾಸೇಜು ಸುಡುವ ಅಂಗಡಿಯಿಂದ ಇಬ್ಬರಿಗೂ ಬಿಸಿ ಕಾಫಿ ತರಬೇಕು. ಇಬ್ಬರಿಗೂ ಮಂಡಿ ನೋವು. ಥರ್ಮಾಸಿನ ಕಾಫಿ ಮುಗಿದ ಮೇಲೆ ಈ ಆಟ ತೀರಾ ಗಂಭೀರವಾಗುತ್ತಿತ್ತು.

ಮೊದಲ ವಾರವಿಡೀ ಮೆಟ್ಟಿಲು ಇಳಿದವನು ಕ್ಲೀಟಸ್. ವರ್ನಾ ಹತ್ತಕ್ಕೆ ಏಳು, ಕೆಲವೊಮ್ಮೆ ಎಂಟು ಸರಿಯಾಗಿ ಹೇಳುತ್ತಿದ್ದಳು. ಇದು ಅವಳಿಗೆ ಬಸ್ಸು ಕಲಿಸಿದ ವಿದ್ಯೆ. ಹಿಮದ ರಸ್ತೆಯಲ್ಲಿ ನಲವತ್ತು ಮಕ್ಕಳನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸುವವಳಿಗೆ ತಿರುಗಿ ನೋಡಲು ಪುರುಸೊತ್ತಿರುವುದಿಲ್ಲ. ತಲೆಯ ಮೇಲಿನ ಅಂಗೈಯಗಲದ ಕನ್ನಡಿಯಲ್ಲಿ ಕಂಡಷ್ಟೇ ಭಾಗ್ಯ. ಏನನ್ನಾದರೂ ಎಸೆಯಲಿರುವ ಹುಡುಗ ಮೊದಲು ಬಲು ಸಾಧುವಿನಂತೆ ಕಿಟಕಿಯಾಚೆ ನೋಡುತ್ತಾನೆಂದೂ, ಆದರೆ ಅವನ ಒಂದು ಭುಜ ಮಾತ್ರ ತುಸು ಕೆಳಗಿಳಿಯುತ್ತದೆಂದೂ ಅವಳು ಮೊದಲ ಚಳಿಗಾಲದಲ್ಲೇ ಕಂಡುಕೊಂಡಿದ್ದಳು. ಊಟದ ಡಬ್ಬಿಯಲ್ಲಿ ಹಿಮದ ಉಂಡೆ ಬಚ್ಚಿಟ್ಟುಕೊಂಡು ಹತ್ತಿದ್ದ ಒಬ್ಬನಿಗೆ, ಅವನು ಮುಚ್ಚಳ ತೆಗೆಯುವ ಮೊದಲೇ, ರಸ್ತೆಯಿಂದ ಕಣ್ಣು ಕೀಳದೆ “ಅದನ್ನ ಕಿಟಕಿಯಿಂದಾಚೆ ಹಾಕು ರೋಜರ್” ಎಂದಿದ್ದಳು. ಆ ರೋಜರ್ ಈಗ ಊರಿನ ಅಂಚೆ ಕಚೇರಿಯಲ್ಲಿದ್ದಾನೆ. ಇಂದಿಗೂ ಅವಳನ್ನು ಕಂಡರೆ ಕೈ ಎರಡನ್ನೂ ಮೇಜಿನ ಮೇಲಿಡುತ್ತಾನೆ.

ಆ ಏಪ್ರಿಲ್‌ನಲ್ಲಿ ಊರ ಬಾಯಲ್ಲಿದ್ದ ಹೆಸರು ಟ್ರೇ ಮೇಬ್ರಿಯದು. ಟೆಕ್ಸಸ್‌ನಿಂದ ಬಂದ ಇಪ್ಪತ್ತು ವರ್ಷದ ಬಲು ಎತ್ತರದ ಎಸೆತಗಾರ. ಚೆಂಡು ಕೈಬಿಟ್ಟಿತೆಂದರೆ ಎದುರಿಗೆ ಕುಕ್ಕರುಗಾಲಲ್ಲಿ ಕೂತವನ ಕೈಗವಸಿನಲ್ಲಿ ಬಾಗಿಲು ಬಡಿದ ಸದ್ದು. ಒಂದು ಆಟಕ್ಕೆ ಒಂಬತ್ತು ಇನಿಂಗ್ಸ್; ಮೂರು ಆಟದಲ್ಲಿ ಅವನು ಎಸೆದದ್ದು ಹತ್ತೊಂಬತ್ತು ಇನಿಂಗ್ಸ್, ಕೊಟ್ಟ ರನ್ನು ಸೊನ್ನೆ. ಪತ್ರಿಕೆಯವರು ಅವನ ಚಿತ್ರ ಎರಡು ಸಲ ಹಾಕಿದರು. ಜೂನ್ ಹೊತ್ತಿಗೆ ಅವನು ಮೇಲಿನ ದರ್ಜೆಯ ತಂಡಕ್ಕೆ ಹೋಗುವುದು ಖಂಡಿತ ಎಂದು ಕ್ಲೀಟಸ್ ಎಲ್ಲರಿಗೂ ಹೇಳಿಕೊಂಡು ಬಂದ, ತಾನೇ ಕಳಿಸಿಕೊಡುವವನ ಹಾಗೆ.

ವರ್ನಾಗೆ ಏಪ್ರಿಲ್‌ನ ಸೊನ್ನೆಗಳ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ಆ ಚಳಿಯಲ್ಲಿ ಚೆಂಡು ಬ್ಯಾಟಿನ ಹಿಡಿಯ ಹತ್ತಿರ ತಗುಲಿದರೆ ದಾಂಡಿಗನ ಅಂಗೈಗೆ ಜೇನುನೊಣ ಕಚ್ಚಿದ ಹಾಗಾಗುತ್ತದೆ. ಅರ್ಧ ಜನ ಮನಸ್ಸಿಟ್ಟು ಬೀಸುವುದೇ ಇಲ್ಲ. ಆಗ ಎಲ್ಲ ಎಸೆತಗಾರರೂ ಶೂರರಾಗಿ ಕಾಣುತ್ತಾರೆ. ಯಾರ ಸೊನ್ನೆ ಚಳಿಯದು, ಯಾರದು ಅವನದೇ ಎಂದು ತಿಳಿಯುವುದು ಹೇಗೆ? ಅವಳು ಯೋಚಿಸುತ್ತಿದ್ದುದು ಇದನ್ನು. ಪಾತ್ರೆ ತೊಳೆಯುವಾಗಲೂ ಇದೇ, ಲೆನರ್ಡನ ಅಂಗಿಗೆ ಗುಂಡಿ ಹಾಕುವಾಗಲೂ ಇದೇ.

ಯಾಕೆಂದರೆ ಅದೇ ತಂಡದಲ್ಲಿ ಇನ್ನೊಬ್ಬ ಸೊನ್ನೆಯವನಿದ್ದ, ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಹೆಸರು ಎಮಿಲ್ ಡುಬೇ. ಮೇನ್ ಪ್ರಾಂತದ ತುತ್ತತುದಿಯ ಆಲೂಗಡ್ಡೆ ಸೀಮೆಯವನು. ವಯಸ್ಸು ಇಪ್ಪತ್ತನಾಲ್ಕು, ಆ ಮಟ್ಟದ ಆಟಕ್ಕೆ ಆಗಲೇ ತಡವಾದವನು. ಸಣ್ಣ ಆಳು, ಎಡಗೈ, ವೇಗ ಹೇಳಿಕೊಳ್ಳುವಂಥದ್ದಲ್ಲ. ಅವನದೂ ಮೂರು ಆಟ, ಹದಿನೆಂಟು ಇನಿಂಗ್ಸ್, ಒಂದು ರನ್ನೂ ಇಲ್ಲ. ಪತ್ರಿಕೆಯವರು ಅವನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಹಾಕಿದ್ದರು.

ಮೇಬ್ರಿ ಎಸೆಯುವ ದಿನ ವರ್ನಾ ಹತ್ತಕ್ಕೆ ಹತ್ತೂ ಹೇಳುತ್ತಿದ್ದಳು. ಅವನ ಎಡಗೈಯ ತೋರುಬೆರಳು ಕೈಗವಸಿನ ಹೊರಗೆ ಚಾಚಿಕೊಂಡಿರುತ್ತಿತ್ತು. ಬಾಗುವ ಎಸೆತಕ್ಕೆ ಒಳಗೆ ಚೆಂಡು ಹೊರಳಿಸಿ ಹಿಡಿಯುವಾಗಲೆಲ್ಲ ಆ ಬೆರಳು ತಾನಾಗಿ ಮೇಲೇಳುತ್ತಿತ್ತು, ತರಗತಿಯಲ್ಲಿ ಉತ್ತರ ಗೊತ್ತಿದ್ದ ಹುಡುಗ ಬೆರಳೆತ್ತುವ ಹಾಗೆ. ಡುಬೇ ಎಸೆಯುವ ದಿನ ಮಾತ್ರ ಅವಳು ಹತ್ತಕ್ಕೆ ನಾಲ್ಕು. ಕಣ್ಣು ಮುಚ್ಚಿ ಹೇಳಿದ್ದರೂ ಐದು ಸರಿಯಾಗುತ್ತಿತ್ತು.

“ಏನಮ್ಮ, ಕನ್ನಡಕದ ನಂಬರ್ ಬದಲಾಯಿತಾ?” ಎಂದ ಕ್ಲೀಟಸ್, ಅವಳು ಕಾಫಿಗೆಂದು ಏಳುವಾಗ. “ನಿಧಾನಕ್ಕೆ ಇಳಿ. ಇಪ್ಪತ್ತೆರಡು ಮೆಟ್ಟಿಲಿದೆ. ನಾನು ಎಣಿಸಿದೀನಿ, ಬೇಕಾದಷ್ಟು ಸಲ.”

ಅವಳಿಗೆ ಕಾಫಿ ತರುವುದು ಕಷ್ಟವಾಗಲಿಲ್ಲ. ಯಾಕೆ ಎಂದು ತಿಳಿಯದಿರುವುದು ಕಷ್ಟವಾಯಿತು. ಮುಂದಿನ ಸಲ ಡುಬೇ ಎಸೆಯುವಾಗ ಎಡಗಡೆಯ ಬೆಂಚಿಗೆ ಹೋಗಿ ಕೂತಳು. ಅದರ ಮುಂದಿನ ಸಲ ಬಲಗಡೆಗೆ. ಒಂದು ದಿನ ಹೊರಗಿನ ಬೇಲಿಯ ಹತ್ತಿರ ಒಬ್ಬಳೇ ನಿಂತು ಅವನ ಬೆನ್ನನ್ನೇ ನೋಡಿದಳು. ಭುಜ ಇಳಿಯದು. ಬೆರಳು ಏಳದು. ಚೆಂಡನ್ನು ಕೈಗವಸಿನೊಳಗೆ ಒಂದೇ ರೀತಿಯಲ್ಲಿ ಹಿಡಿದಿರುತ್ತಿದ್ದ. ಹೊರಳಿಸುವುದಿದ್ದರೆ ಕೈ ಹಿಂದಕ್ಕೆ ಹೋಗಿ ಸೊಂಟದ ಮರೆಯಲ್ಲಿರುವ ಆ ಒಂದು ಚಣದಲ್ಲಿ ಹೊರಳಿಸುತ್ತಿದ್ದನೇನೋ. ಬೇಲಿಯ ಕಡೆಯಿಂದಲೂ ಕಾಣಲಿಲ್ಲ. ಮುಖ ನೋಡಿದರೆ ಬಸ್ಸಿಗಾಗಿ ಕಾದು ನಿಂತವನ ಮುಖ.

ಮನೆಗೆ ಬಂದು ಲೆನರ್ಡನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವನ ಕೈಗೆ ಚೆಂಡು ಕೊಟ್ಟು, ಹೇಗಾದರೂ ಹಿಡಿದು ಎಸೆ, ನೀನು ಹೇಗೆ ಹಿಡಿದಿದ್ದೀಯ ಅಂತ ನಾನು ಹೇಳ್ತೀನಿ ಎಂದಳು. ಹತ್ತು ಸಲ ಎಸೆದ, ಹತ್ತೂ ಹೇಳಿದಳು. ಏನು ನೋಡಿ ಹೇಳಿದೆ ಎಂದು ಅವನು ಕೇಳಿದ. ಕಷ್ಟದ ಹಿಡಿತ ಹಿಡಿಯುವಾಗ ನೀನು ಕೆಳತುಟಿ ಕಚ್ಚುತ್ತೀಯ, ಇಸ್ಪೀಟಿನಲ್ಲೂ ಅಷ್ಟೇ, ಎಂದಳು ವರ್ನಾ. ಲೆನರ್ಡ್ ಚೆಂಡನ್ನು ಕೆಳಗಿಟ್ಟ.

“ಮೂವತ್ತೈದು ವರ್ಷದಿಂದ ನನ್ನ ಕೈಲಿರೋ ಎಲೆ ನಿನಗೆ ಗೊತ್ತಾಗ್ತಿತ್ತಾ?”

“ಎಲ್ಲಾ ಸಲ ನಾನೇ ಗೆದ್ದಿಲ್ವಲ್ಲ,” ಎಂದಳು ಅವಳು.

ಏಪ್ರಿಲ್ ಕೊನೆಯಲ್ಲಿ ಅವಳು ಮೇಬ್ರಿಯ ಬೆರಳಿನ ವಿಷಯ ಹೇಳಲೆಂದು ಎಸೆತಗಾರರ ಕೋಚ್ ಸ್ಪ್ರಾಡ್ಲಿನ್‌ನನ್ನು ಬೇಲಿಯ ಹತ್ತಿರ ನಿಲ್ಲಿಸಿದಳು. ಹೇಳುವುದೋ ಬಿಡುವುದೋ ಎಂದು ಎರಡು ದಿನ ತೂಗಿ ನೋಡಿದ್ದಳು. ಎದುರಾಳಿ ತಂಡಗಳು ಹೇಗೂ ಮತ್ತೆ ಬರುತ್ತವೆ. ತನಗೆ ಕಂಡದ್ದು ಇನ್ನೊಬ್ಬರಿಗೆ ಕಾಣದೆ ಇರದು. ಸ್ಪ್ರಾಡ್ಲಿನ್ ಟೋಪಿ ತೆಗೆದು ಬಲು ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ, ಹತ್ತೊಂಬತ್ತು ಇನಿಂಗ್ಸ್‌ನಲ್ಲಿ ಒಂದೂ ರನ್ನು ಕೊಡದವನ ಬೆರಳನ್ನು ತಾನು ಮುಟ್ಟುವುದಿಲ್ಲ ಮೇಡಂ, ಎಂದು ಹೇಳಿ ಟೋಪಿ ಹಾಕಿಕೊಂಡು ಹೋದ.

ಮೇ ತಿಂಗಳ ಮೊದಲ ಬೆಚ್ಚನೆಯ ದಿನ ಡಂಡೀ ಫಾಲ್ಸ್ ತಂಡ ಎರಡನೆಯ ಸಲ ಬಂತು. ಆ ದಿನ ಅವರು ಮೇಬ್ರಿಗೆ ಎರಡೇ ಇನಿಂಗ್ಸ್‌ನಲ್ಲಿ ಏಳು ರನ್ನು ಹೊಡೆದರು. ಕ್ಲೀಟಸ್ ಬೈದದ್ದು ಅಂಪೈರನನ್ನು, ಗಾಳಿಯನ್ನು, ಬಿಸಿಲನ್ನು. ವರ್ನಾ ನೋಡುತ್ತಿದ್ದುದು ಡಂಡೀ ಫಾಲ್ಸ್‌ನ ಬೆಂಚಿನ ತುದಿಯಲ್ಲಿ ಕೂತ ಒಬ್ಬನನ್ನು. ಮೇಬ್ರಿಯ ಬೆರಳೆದ್ದಾಗಲೆಲ್ಲ ಅವನು ತಮ್ಮ ದಾಂಡಿಗನಿಗೆ ಸೀಟಿ ಹಾಕುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ತಂಡ ಅಭ್ಯಾಸ ಮಾಡುವುದನ್ನು ನೋಡಲು ಅವಳು ಹೋಗಿದ್ದಾಗ ಮೇಬ್ರಿ ಮೆಟ್ಟಿಲು ಹತ್ತಿ ಅವಳ ಮುಂದೆ ಬಂದು ನಿಂತ. ಅಷ್ಟು ಹತ್ತಿರದಿಂದ ನೋಡಿದರೆ ಅವನ ಕೆನ್ನೆಯ ಮೇಲೆ ಇನ್ನೂ ಮೊಡವೆಗಳಿದ್ದವು.

“ಬಸ್ಸಿನವರು ಅಂದ್ರೆ ನೀವೇನಾ ಮೇಡಂ?”

“ನಾನೇ ಕಣಪ್ಪ.”

“ನನ್ನ ಬಗ್ಗೆ ನೀವು ಏನೋ ಹೇಳಿದ್ರಂತೆ. ಕೋಚ್‌ಗೆ ಏನು ಅಂತ ನೆನಪಿಲ್ವಂತೆ.”

“ನೆನಪಿಲ್ವೋ, ಕೇಳಿಸ್ಕೊಳ್ಳಲೇ ಇಲ್ವೋ. ಹೋಗು, ಅಲ್ಲಿ ನಿಂತ್ಕೊಂಡು ಹತ್ತು ಸಲ ಎಸಿ.”

ಅವನು ದಿಬ್ಬಕ್ಕೆ ಹೋಗಿ ನಿಂತ. ವರ್ನಾ ಪ್ರತಿ ಸಲವೂ ಅವನು ಕೈ ಎತ್ತುವ ಮೊದಲೇ ಮೇಲಿನಿಂದ ಕೂಗಿ ಹೇಳಿದಳು: ನೇರ, ನೇರ, ಬಾಗು, ನೇರ. ಆರನೆಯದಕ್ಕೆ ಅವನು ಎಸೆಯುವುದನ್ನೇ ನಿಲ್ಲಿಸಿ ತನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿಕೊಂಡ, ಅಂಗಿಗೆ ಏನೋ ಅಂಟಿದೆಯೇನೋ ಎಂಬ ಹಾಗೆ. ಅವಳು ಇಳಿದು ಹೋಗಿ ಅವನ ತೋರುಬೆರಳನ್ನು ಹಿಡಿದು ತೋರಿಸಿದಳು. ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಅಂದೇ ಮಧ್ಯಾಹ್ನ ತಂಡದ ಸಾಮಾನು ನೋಡಿಕೊಳ್ಳುವವನು ಕೈಗವಸಿನ ಮೇಲೆ ಬೆರಳು ಮುಚ್ಚುವಂತೆ ಒಂದು ತೊಗಲಿನ ತುಂಡು ಹೊಲಿದುಕೊಟ್ಟ.

ಬದಲಿಗೆ ಏನಾದರೂ ಬೇಕೇ ಎಂದು ಮೇಬ್ರಿ ಕೇಳಿದಾಗ ವರ್ನಾ ಬೇರೇನೂ ಕೇಳಲಿಲ್ಲ. ಅವನೂ ಡುಬೇಯೂ ಒಂದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಆ ಡುಬೇ ಅದು ಹೇಗೆ ಒಂದು ಸುಳಿವನ್ನೂ ಕೊಡದೆ ಎಸೆಯುತ್ತಾನೆ ಎಂದು ಕೇಳಿದಳು.

“ನಂಗೆ ಹೇಗೆ ಗೊತ್ತಾಗ್ಬೇಕು ಮೇಡಂ? ಕಾಫಿಗೆ ಸಕ್ಕರೆ ಬೇಕಾ ಅಂತ ಕೇಳಿದ್ರೂ ಅವನು ಐದು ನಿಮಿಷ ಯೋಚನೆ ಮಾಡ್ತಾನೆ. ನೀವೇ ಕೇಳಿ, ಕಳಿಸ್ತೀನಿ.”

ಡುಬೇ ಬಂದ, ಟೋಪಿಯನ್ನು ಕೈಯಲ್ಲಿ ಸುತ್ತುತ್ತ. ಎರಡು ಮಾತಿನಲ್ಲಿ ಮುಗಿಸಿ ಹೋಗುವವನಂತೆ ನಿಂತಿದ್ದವನು ವರ್ನಾ ತಾನು ಏನೇನು ನೋಡಿ ಸೋತೆ ಎಂದು ಒಂದೊಂದಾಗಿ ಹೇಳುತ್ತ ಹೋದಂತೆ ಬೆಂಚಿನ ಮೇಲೆ ಕೂತ. ಬೆರಳು ನೋಡಿದಿರಾ ಎಂದ. ನೋಡಿದೆ ಎಂದಳು. ಮುಂಗೈ? ಅದನ್ನೂ. ಬೇಲಿ ಹತ್ತಿರ ನಿಂತಿದ್ದವರು ನೀವೇನಾ ಎಂದ. ಅವನು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದಳು.

“ನೀವು ನಮ್ಮಣ್ಣನ ಥರ,” ಎಂದ. “ಅವನಿಗೆ ಕಿವಿ ಕೇಳಲ್ಲ.”

ಅಣ್ಣನ ಹೆಸರು ಲೂಸಿಯನ್. ಎರಡು ವರ್ಷದವನಿದ್ದಾಗ ಜ್ವರ ಬಂದು ಕಿವಿ ಹೋಯಿತು. ಆಲೂಗಡ್ಡೆ ಅಗೆಯುವ ಕಾಲಕ್ಕೆ ಆ ಸೀಮೆಯಲ್ಲಿ ಶಾಲೆಗಳಿಗೇ ರಜೆ. ಸಂಜೆ ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಮುಂದೆ ಅಣ್ಣ ಕೊಡಲಿಯ ಕಾವು ಹಿಡಿದು ನಿಲ್ಲುತ್ತಿದ್ದ, ತಮ್ಮ ಮಾರಾಟಕ್ಕಾಗದ ಸಣ್ಣ ಗಡ್ಡೆಗಳನ್ನು ಎಸೆಯುತ್ತಿದ್ದ. ಅಣ್ಣ ಬಿಡದೆ ಎಲ್ಲವನ್ನೂ ಹೊಡೆಯುತ್ತಿದ್ದ. ಎಲ್ಲರ ಮುಖ, ಕೈ, ಕುತ್ತಿಗೆ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ ಅವನಿಗೆ ತಮ್ಮ ಏನೆಸೆಯುತ್ತಾನೆಂಬುದು ತಮ್ಮನಿಗಿಂತ ಮೊದಲೇ ತಿಳಿಯುತ್ತಿತ್ತು. ಸೋತು ಸೋತು ರೋಸಿಹೋಗಿ ಎಮಿಲ್ ತನ್ನ ಮೈಯಿಂದ ಒಂದೊಂದೇ ಗುರುತನ್ನು ಅಳಿಸುತ್ತ ಹೋದ. ಮೊದಲು ಮುಖ, ಆಮೇಲೆ ಬೆರಳು, ಆಮೇಲೆ ಭುಜ. ಚೆಂಡನ್ನು ಸೊಂಟದ ಹಿಂದೆ ಹೊರಳಿಸಲು ಕಲಿಯುವುದಕ್ಕೇ ಎರಡು ಚಳಿಗಾಲ ಹಿಡಿಯಿತು. ಹದಿನಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಅಣ್ಣನ ಮೂರು ಬೀಸು ಗಾಳಿಗೆ ಹೋದವು. ಅಣ್ಣ ಕಾವು ಎಸೆದು ಬಂದು ಅವನನ್ನು ಎತ್ತಿಕೊಂಡು ಅಂಗಳವೆಲ್ಲ ಓಡಿದ.

“ಒಂದು ತಿಂಗಳು ಅಷ್ಟೇ,” ಎಂದ ಎಮಿಲ್. “ಆಮೇಲೆ ಮತ್ತೆ ಹೊಡಿಯೋಕೆ ಶುರು ಮಾಡ್ದ. ಈಗ್ಲೂ ಹೊಡೀತಾನೆ. ಏನು ನೋಡ್ತಾನೋ, ಹೇಳಲ್ಲ.”

ಇದನ್ನು ಕೇಳಿದ ದಿನ ವರ್ನಾಗೆ ಊಟ ರುಚಿಸಲಿಲ್ಲ. ಇನ್ನೂ ಒಂದು ಗುರುತು ಉಳಿದಿದೆ. ಅದು ಒಬ್ಬನಿಗೆ ಕಾಣುತ್ತದೆ. ಆ ಒಬ್ಬ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಆಲೂಗಡ್ಡೆ ಬಿತ್ತನೆಗೆ ಸಿದ್ಧವಾಗುತ್ತಿದ್ದಾನೆ. ಲೆನರ್ಡನೇ ಕೊನೆಗೆ, ಬಿತ್ತನೆಗೆ ಮೊದಲು ಅವನನ್ನು ಒಂದು ವಾರ ಕರೆಸಿಕೋ, ಮೇಲಿನ ಕೋಣೆ ಖಾಲಿಯೇ ಇದೆಯಲ್ಲ, ಎಂದ. ಎಮಿಲ್ ಅಣ್ಣನಿಗೆ ಬರೆದ.

ಎರಡು ಹಗಲು ಎರಡು ರಾತ್ರಿ ಬಸ್ಸಿನಲ್ಲಿ ಕೂತು ಲೂಸಿಯನ್ ಬಂದ. ತಮ್ಮನಿಗಿಂತ ಎತ್ತರ, ಅಗಲ, ಮುಖದಲ್ಲಿ ಸದಾ ಏನೋ ತಮಾಷೆ. ವಾಕ್ಯಗಳನ್ನು ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತಿದ್ದ. ಎಮಿಲ್ ಎಸೆಯುವ ದಿನ ವರ್ನಾ, ಕ್ಲೀಟಸ್ ಅವನನ್ನು ತಮ್ಮಿಬ್ಬರ ನಡುವೆ ಕೂರಿಸಿಕೊಂಡರು. ಕ್ಲೀಟಸ್ ಅವನ ಕಡೆ ಬಾಗಿ, ಇಡೀ ಮೈದಾನ ತಿರುಗಿ ನೋಡುವ ಹಾಗೆ, “ನಮ್ಮೂರು ಹೇಗಿದೆ?” ಎಂದು ಕೂಗಿದ.

“ಅವನಿಗೆ ಕೇಳಲ್ಲ ಕಣೋ,” ಎಂದಳು ವರ್ನಾ. “ನನಗೆ ಕೇಳುತ್ತೆ.”

ಲೂಸಿಯನ್ ಇಬ್ಬರ ಮುಖವನ್ನೂ ನೋಡಿ ನಕ್ಕ. ಯಾರೂ ಅವನಿಗೆ ಬರೆದು ತೋರಿಸುವ ಅಗತ್ಯ ಬೀಳಲಿಲ್ಲ.

ನೇರಕ್ಕೆ ಒಂದು ಬೆರಳು, ಬಾಗುವುದಕ್ಕೆ ಎರಡು, ಎಂದು ಮಾಡಿಕೊಂಡರು. ಮೂವರೂ ಮಂಡಿಯ ಮೇಲೆ ಕೈಯಿಟ್ಟು, ಎಮಿಲ್ ಕೈ ಎತ್ತುವ ಮೊದಲು ಬೆರಳು ತೋರಿಸಬೇಕು. ಮೊದಲ ಹತ್ತರಲ್ಲಿ ವರ್ನಾ ನಾಲ್ಕು. ಕ್ಲೀಟಸ್ ಏನನ್ನೂ ನೋಡದೆ ಹತ್ತು ಸಲವೂ ಒಂದೇ ಬೆರಳು ತೋರಿಸಿ ಆರು ಗಳಿಸಿದ. ಲೂಸಿಯನ್ ಒಂಬತ್ತು. ಆ ಒಂದು ತಪ್ಪಿದ್ದಕ್ಕೂ ಅವನು ದಿಬ್ಬದ ಮೇಲಿನ ತಮ್ಮನ ಕಡೆ ಮುಷ್ಟಿ ತೋರಿಸಿದ, ಮೋಸ ಮಾಡಿದೆ ಎಂಬಂತೆ.

ವರ್ನಾ ಅವನ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡಲು ಹೋದಳು. ಅದೂ ತಿಳಿಯಲಿಲ್ಲ, ಅವನು ಇಡೀ ತಮ್ಮನನ್ನೇ ನೋಡುತ್ತಿದ್ದ. ಕಡೆಗೆ ತಡೆಯಲಾರದೆ ಪೆನ್ಸಿಲು ತೆಗೆದುಕೊಂಡು ಬರೆದಳು: ಏನು ನೋಡುತ್ತೀಯ?

ಲೂಸಿಯನ್ ಓದಿ, ಅದರ ಕೆಳಗೆ ಬರೆದ. ಅವನ ಅಕ್ಷರ ಶಾಲೆಯ ಮಗುವಿನದರಂತೆ ದುಂಡಗಿತ್ತು. “ಹೇಳಿದರೆ ನೀವು ಅವನಿಗೆ ಹೇಳುತ್ತೀರಿ. ಅವನು ಅದನ್ನೂ ಅಳಿಸಿಬಿಡುತ್ತಾನೆ. ಆಮೇಲೆ ನನ್ನ ತಮ್ಮ ಎಲ್ಲರಿಗೂ ಹೇಗೋ ನನಗೂ ಹಾಗೇ ಆಗುತ್ತಾನೆ.”

ವರ್ನಾ ಎರಡು ಸಲ ಓದಿದಳು. ಪುಸ್ತಕವನ್ನು ಮುಚ್ಚಿ ಅವನಿಗೆ ಕೊಟ್ಟಳು. ಮತ್ತೆ ಕೇಳಲಿಲ್ಲ. ಮೆಟ್ಟಿಲಿಳಿದು ಮೂವರಿಗೂ ಕಾಫಿ ತಂದಳು.

ಅವನು ಎಂಟು ದಿನ ಇದ್ದ. ಆಟವಿಲ್ಲದ ದಿನ ಲೆನರ್ಡನ ಜೊತೆ ದೋಣಿಯಲ್ಲಿ ಹೋಗುತ್ತಿದ್ದ. ಮಾತಾಡದೆ ಮೀನು ಹಿಡಿಯುವ ಮನುಷ್ಯ ಜೀವಮಾನದಲ್ಲಿ ಒಬ್ಬ ಸಿಕ್ಕಿದ ಎಂದು ಲೆನರ್ಡ್ ಹೇಳಿದ. ಹೋಗುವ ದಿನ ತನ್ನ ಒಳ್ಳೆಯ ಗಾಳದ ಕೋಲನ್ನು ಅವನಿಗೆ ಕೊಟ್ಟುಬಿಟ್ಟ.

ಜೂನ್‌ನಲ್ಲಿ ಕ್ಲೀಟಸ್ ಹೇಳಿದಂತೆಯೇ ಮೇಬ್ರಿ ಮೇಲಿನ ತಂಡಕ್ಕೆ ಹೋದ. ಎಮಿಲ್‌ನ ಸೊನ್ನೆಯೂ ಮುರಿಯಿತು. ಬಿಸಿಲೇರಿದ ಮೇಲೆ ಅವನೂ ಅಲ್ಲಲ್ಲಿ ಹೊಡೆಸಿಕೊಂಡ, ಎರಡು ಆಟ ಸೋತ. ಆದರೂ ಒಟ್ಟಿನಲ್ಲಿ ನೋಡಿದರೆ ಆ ವರ್ಷ ತಂಡದಲ್ಲಿ ಅವನಷ್ಟು ಕಡಿಮೆ ರನ್ನು ಕೊಟ್ಟವರು ಇನ್ನೊಬ್ಬರಿರಲಿಲ್ಲ. ಪತ್ರಿಕೆಯವರು ಈಗ ಹೆಸರನ್ನು ಸರಿಯಾಗಿ ಹಾಕುತ್ತಿದ್ದರು. ವರ್ನಾ ಬಿಡದೆ ನೋಡಿದಳು. ಮಂಡಿ, ಹಿಮ್ಮಡಿ, ಟೋಪಿಯ ಅಂಚು, ಅವನು ಹಿಂದೆ ತಿರುಗಿ ನೋಡುವ ರೀತಿ. ಎಲ್ಲಕ್ಕೂ ನಾಲ್ಕು, ಇಲ್ಲವೇ ಐದು.

ಕಂಡದ್ದು ಆಗಸ್ಟ್‌ನ ಒಂದು ಭಾನುವಾರ, ಅವಳು ನೋಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದಾಗ. ಮನೆಯಲ್ಲಿ ಎರಡು ಬುಟ್ಟಿ ಟೊಮ್ಯಾಟೊ ಚಳಿಗಾಲಕ್ಕೆಂದು ಬೇಯಿಸಿ ಬಾಟಲಿಗೆ ಹಾಕುವುದು ಬಾಕಿಯಿತ್ತು. ಅದನ್ನೇ ಯೋಚಿಸುತ್ತ, ಎಮಿಲ್‌ನ ಅಂಗಿಯ ಎದೆಯ ಮೇಲಿನ ಅಕ್ಷರಗಳನ್ನು ಸುಮ್ಮನೆ ನೋಡುತ್ತಿದ್ದಳು. ಸೆಕೆಗೆ ಅಂಗಿ ಮೈಗೆ ಅಂಟಿಕೊಂಡಿತ್ತು. ನೇರ ಎಸೆತಕ್ಕೆ ಮೊದಲು ಆ ಅಕ್ಷರಗಳು ಒಮ್ಮೆ ಏರಿ ಪೂರ್ತಿ ಇಳಿಯುತ್ತಿದ್ದವು. ಬಾಗುವ ಎಸೆತಕ್ಕೆ ಮೊದಲು ಏರಿದ್ದು ಇಳಿಯುತ್ತಿರಲಿಲ್ಲ. ಚೆಂಡು ಕೈಬಿಟ್ಟ ಮೇಲೆ ಇಳಿಯುತ್ತಿತ್ತು. ಅವನು ಉಸಿರು ಹಿಡಿಯುತ್ತಿದ್ದ.

ಅವಳು ಟೊಮ್ಯಾಟೊ ಮರೆತಳು. ಆ ದಿನ ಹತ್ತಕ್ಕೆ ಏಳು ಹೇಳಿದಳು. ಆಮೇಲೆ ಹೊಳೆದದ್ದು ಇನ್ನೊಂದು: ಏಪ್ರಿಲ್‌ನ ಆ ಚಳಿಯಲ್ಲಿ ಪ್ರತಿಯೊಬ್ಬರ ಬಾಯಿಂದಲೂ ಬಿಳಿಯ ಹೊಗೆ ಬರುತ್ತಿತ್ತು. ಉಸಿರು ಬಿಟ್ಟದ್ದು, ಹಿಡಿದದ್ದು ಗಾಳಿಯಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿದ್ದ ಕಾಲದಲ್ಲಿ ಅವಳು ಅವನ ಬೆರಳು ನೋಡುತ್ತ ಕೂತಿದ್ದಳು. ತನ್ನಷ್ಟಕ್ಕೆ ನಕ್ಕಳು. ಏನು ಎಂದು ಕ್ಲೀಟಸ್ ಕೇಳಿದ್ದಕ್ಕೆ ಏನೂ ಇಲ್ಲವೆಂದಳು.

ಎಮಿಲ್‌ಗೆ ಅವಳು ಹೇಳಲಿಲ್ಲ. ಮೇಬ್ರಿಯ ಬೆರಳನ್ನು ಎದುರಾಳಿಗಳು ಕಂಡು ಸೀಟಿ ಹಾಕುತ್ತಿದ್ದರು. ಇದನ್ನು ಕಂಡವನು ಜಗತ್ತಿನಲ್ಲಿ ಒಬ್ಬ, ಈಗ ಇಬ್ಬರು. ಆ ಒಬ್ಬನ ಸೊತ್ತನ್ನು ಕೇಳದೆ ದಾನ ಮಾಡುವುದು ಸರಿಯೆನ್ನಿಸಲಿಲ್ಲ. ಲೂಸಿಯನ್‌ಗೆ ಒಂದು ಕಾರ್ಡು ಹಾಕಿದಳು. ಒಂದೇ ಪದ: “ಉಸಿರು?”

ಎರಡು ವಾರಕ್ಕೆ ಉತ್ತರ ಬಂತು. ಹೂಬಿಟ್ಟ ಆಲೂಗಡ್ಡೆ ಹೊಲದ ಚಿತ್ರವಿದ್ದ ಕಾರ್ಡಿನ ಹಿಂದೆ ಅದೇ ದುಂಡಗಿನ ಅಕ್ಷರದಲ್ಲಿ ಒಂದೇ ಪದವಿತ್ತು: “ಅರ್ಧ.”

ಅಂದಿನಿಂದ ಇನ್ನರ್ಧ ಏನೆಂಬುದು ಅವಳ ತಲೆ ಹೊಕ್ಕಿತು. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುವ ಕಾಲಕ್ಕೆ ಊರು ಬಿಟ್ಟು ಹೋಗುವುದು ಅವಳಿಗೆ ಮೂವತ್ತೊಂದು ವರ್ಷ ಸಾಧ್ಯವಾಗಿರಲಿಲ್ಲ. ಆ ವರ್ಷ ಲೆನರ್ಡನ ಜೊತೆ ಕಾರಿನಲ್ಲಿ ನಾಲ್ಕು ದಿನ ಹೋಗಿ ಮೇನ್ ಪ್ರಾಂತದಲ್ಲಿ ಡುಬೇಗಳ ಅಂಗಳದಲ್ಲಿ ಇಳಿದಳು. ಮುಂದಿನ ವರ್ಷವೂ ಹೋದಳು, ಅದರ ಮುಂದಿನ ವರ್ಷವೂ. ಲೆನರ್ಡನಿಗೆ ಅಲ್ಲಿನ ಹೊಳೆಯ ಮೀನು ಹಿಡಿಸಿತ್ತು. ಎಮಿಲ್ ಕೂಪರ್ಸ್ ಬೆಂಡ್ ಬಿಟ್ಟು ಒಂದು ಮೆಟ್ಟಿಲು ಮೇಲಿನ ತಂಡದಲ್ಲಿ ಎರಡು ವರ್ಷ ಆಡಿದ. ಅಲ್ಲಿಂದ ಮೇಲಕ್ಕೆ ಕರೆ ಬರಲಿಲ್ಲ. ಮೊಣಕೈ ನೋವೆಂದು ಆಟ ಬಿಟ್ಟು ಹೊಲಕ್ಕೆ ಮರಳಿದ. ಅದಕ್ಕಾಗಿ ಅವನು ಕೊರಗಿದ್ದನ್ನು ಯಾರೂ ಕಾಣಲಿಲ್ಲ, ಕಾಣಗೊಡುವವನೂ ಅವನಲ್ಲ.

ಮೂರನೆಯ ವರ್ಷ ಹೋದಾಗ, ಅಗೆತ ಮುಗಿದ ಒಂದು ಸಂಜೆ, ಲೂಸಿಯನ್ ಕೊಡಲಿಯ ಕಾವು ಹಿಡಿದು ಕೊಟ್ಟಿಗೆಯ ಮುಂದೆ ನಿಂತ. ಎಮಿಲ್ ಬುಟ್ಟಿಯಿಂದ ಸಣ್ಣ ಗಡ್ಡೆಗಳನ್ನು ಆರಿಸಿ ಎಸೆದ. ವರ್ನಾ ಲೂಸಿಯನ್‌ನ ಹಿಂದೆ ಸ್ವಲ್ಪ ಪಕ್ಕಕ್ಕೆ ನಿಂತು ಬೆರಳು ತೋರಿಸುತ್ತಿದ್ದಳು. ಅವಳದು ಏಳು. ಲೂಸಿಯನ್ ಹತ್ತನ್ನೂ ಹೊಡೆದ; ಗಡ್ಡೆಗಳು ಕೊಟ್ಟಿಗೆಯ ಮಾಡಿನ ಮೇಲೆ ಒಡೆದು ಜಾರಿದವು.

ಎಮಿಲ್ ಕೈ ಒರೆಸಿಕೊಂಡು ಇಬ್ಬರ ಹತ್ತಿರ ಬಂದ. “ಈಗಲಾದ್ರೂ ಹೇಳಿ. ನಾನು ಆಡೋದು ಬಿಟ್ಟಾಯ್ತಲ್ಲ. ಇನ್ನು ಯಾರಿಗೆ ನಷ್ಟ?”

ಲೂಸಿಯನ್ ತಮ್ಮನ ತುಟಿಯಿಂದಲೇ ಅದನ್ನು ಓದಿ, ವರ್ನಾಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ.

“ನನಗೆ ಗೊತ್ತಿರೋದು ಅರ್ಧ,” ಎಂದಳು ವರ್ನಾ. “ಉಳಿದದ್ದು ನನಗೂ ಹೇಳಿಲ್ಲ ಇವನು.”

“ಆ ಅರ್ಧಾನೇ ಹೇಳಿ ಮಿಸೆಸ್ ಸ್ಕಿಬ್ಬಾ.”

“ಹೇಳಿದ್ರೆ ನೀನು ಇವತ್ತೇ ಸರಿ ಮಾಡ್ಕೊಂಡುಬಿಡ್ತೀಯ. ಆಮೇಲೆ ನಾನು ನಾಲ್ಕು ದಿನ ಕಾರಲ್ಲಿ ಕೂತ್ಕೊಂಡು ಇಲ್ಲಿಗೆ ಬಂದು ಏನು ನೋಡ್ಲಿ?”

ಎಮಿಲ್ ಅಣ್ಣನನ್ನು ನೋಡಿದ, ಅವಳನ್ನು ನೋಡಿದ. ಒಳಗಿನಿಂದ ಅವನ ತಾಯಿ ಹುರುಳಿಕಾಯಿಯೂ ಬ್ರೆಡ್ಡೂ ಆರಿಹೋಗುತ್ತಿದೆ ಎಂದು ಕೂಗಿದಳು. ಬೆಳಕು ಇನ್ನೂ ಸ್ವಲ್ಪ ಇತ್ತು. ಅವನು ಬುಟ್ಟಿಗೆ ಕೈಹಾಕಿ ಇನ್ನೊಂದು ಗಡ್ಡೆ ತೆಗೆದುಕೊಂಡು ತನ್ನ ಜಾಗಕ್ಕೆ ಹೋದ.